ಸಣ್ಣ ನೆಟ್‌ವರ್ಕ್‌ಗೆ ಯಾವ ಸಾಫ್ಟ್‌ವೇರ್ ಹಾಕಬೇಕು?

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಫೈಬರ್ ಇಂಟರ್ನೆಟ್ ಕೊಡುವ ಹುಡುಗರು ನನಗೆ ಪದೇ ಪದೇ ಕೇಳುವ ಮಾತಿದು: "ಅಣ್ಣಾ, ಕಂಪ್ಲೇಂಟ್ ಭಾಳ ಬರಾಕತ್ತಾವ. ನೆಟ್‌ವರ್ಕ್ ನೋಡ್ಕೊಳ್ಳಾಕ ಯಾವ ಸಾಫ್ಟ್‌ವೇರ್ ತಗೊಳ್ಳೋಣ?" ಹೆಚ್ಚಿನವರು ಕೇಬಲ್ ಟಿವಿಯಿಂದ ಈ ಕೆಲಸಕ್ಕೆ ಬಂದವರು. ಲೈನ್ ಎಳೆಯುವುದರಲ್ಲಿ ಕೈ ಪಳಗಿದೆ, ರಾತ್ರಿ ಫೋನ್ ಬಂದರೂ ಗಾಡಿ ಹತ್ತಿ ಹೋಗುತ್ತಾರೆ. ಅವರ ದುಡ್ಡು ಬೇಡದ ಕಡೆ ಹೋಗಬಾರದು ಅನ್ನೋದೇ ನನ್ನ ಕಾಳಜಿ.

ಹಳೆಯ ಲೆಕ್ಕ ಇಟ್ಟುಕೊಳ್ಳುವ ಟೂಲ್ ಮೊದಲು ಹಾಕಿ ಅಂತ ನಾನು ಹೇಳುತ್ತೇನೆ. ಈಗ ಏನಾಗ್ತಿದೆ ಅಂತ ನೋಡಲು ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ, ಎಷ್ಟು ಬೇಗ ಬರುತ್ತದೆ ಅಂತ ನೋಡುವ ಪರೀಕ್ಷೆ) ಸಾಕು. ಆದರೆ ಗ್ರಾಹಕರು ಬೆಳಿಗ್ಗೆ ಫೋನ್ ಮಾಡಿ "ನಿನ್ನೆ ರಾತ್ರಿ ನೆಟ್ ಬರಲೇ ಇಲ್ಲ" ಅಂದಾಗ, ಆ ಹೊತ್ತಿಗೆ ಏನಾಗಿತ್ತು ಅಂತ ತೋರಿಸುವುದು ಬೇಕಲ್ವಾ?

ಶುರು ಮಾಡಬೇಕಾದ್ದು ಫೈಬರ್‌ನಲ್ಲಿ ಹರಿಯುವ ಬೆಳಕಿನಿಂದ. ಜಿಪಾನ್‌ನಲ್ಲಿ (ಒಂದೇ ಫೈಬರ್ ಅನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಒಂದು ಫೈಬರ್‌ನ ಬೆಳಕನ್ನು ಎಂಟಕ್ಕೆ ಹಂಚುವ ಸ್ಪ್ಲಿಟರ್ ಸುಮಾರು 10 ಡಿಬಿ (ಬೆಳಕಿನ ನಷ್ಟ ಅಳೆಯುವ ಡೆಸಿಬೆಲ್) ತಿನ್ನುತ್ತದೆ. ಒಂದರ ಹಿಂದೆ ಒಂದು ಎರಡು ಹಾಕಿ 64 ಮನೆ ಮಾಡಿದರೆ 20 ಡಿಬಿ ಅಲ್ಲೇ ಹೋಯಿತು. ಓಎಲ್‌ಟಿಗೆ (ನಿಮ್ಮ ಕಡೆ ಕೂತು ಎಲ್ಲ ಮನೆಗೂ ಬೆಳಕು ಕಳಿಸುವ ಪೆಟ್ಟಿಗೆ) ಹಾಕುವ ಬಿ ಪ್ಲಸ್ ಮಾಡ್ಯೂಲ್‌ನಲ್ಲಿ ಕಳೆದುಕೊಳ್ಳಲು ಒಟ್ಟು ಸಿಗುವುದೇ 28 ಡಿಬಿ. ಉಳಿದ ಎಂಟರಲ್ಲಿ ಕಿಲೋಮೀಟರ್‌ಗಟ್ಟಲೆ ಫೈಬರ್, ಜಾಯಿಂಟ್, ಕನೆಕ್ಟರ್ ಎಲ್ಲ ಮುಗಿಯಬೇಕು. ತಲುಪುವ ಬೆಳಕಿನ ಪವರ್ ಮೈನಸ್ 27 ಡಿಬಿಎಂ ಹತ್ತಿರ ಇರುವ ಮನೆಯಲ್ಲಿ ನೆಟ್ ಬಂದು ಬಂದು ಹೋಗುತ್ತದೆ. ಕನೆಕ್ಟರ್‌ಗೆ ಕೂತ ಧೂಳು, ಗೋಡೆ ಮೂಲೆಯಲ್ಲಿ ಬಿಗಿಯಾಗಿ ಮಡಚಿದ ವೈರ್, ಇಷ್ಟೇ ಸಾಕು. ನನ್ನ ಕೇಳಿದರೆ ಮೈನಸ್ 25ಕ್ಕಿಂತ ಕೆಳಗೆ ಒಂದು ಮನೆಯನ್ನೂ ಬಿಡಬೇಡಿ.

ಪ್ರತಿ ಮನೆಯ ಈ ಅಂಕಿ ಸಾಮಾನ್ಯವಾಗಿ ಓಎಲ್‌ಟಿಯಲ್ಲೇ ಸಿಗುತ್ತದೆ. ದಿನಾ ಒಂದು ಸಲ ತೆಗೆದು ಫೈಲ್‌ಗೆ ಬರೆಯುವ ಸಣ್ಣ ಸ್ಕ್ರಿಪ್ಟ್ ಇದ್ದರೆ ಅರ್ಧ ತಲೆನೋವು ಹೋಯಿತು. ಒಂದೇ ಸ್ಪ್ಲಿಟರ್‌ನ ಎಂಟೂ ಮನೆಗಳ ಪವರ್ ಒಟ್ಟಿಗೆ ಇಳಿದಿದ್ದರೆ ತೊಂದರೆ ಸ್ಪ್ಲಿಟರ್‌ನಲ್ಲಿ ಅಥವಾ ಅದಕ್ಕೆ ಬರುವ ಲೈನ್‌ನಲ್ಲಿ. ಒಂದೇ ಮನೆಯದು ಇಳಿದಿದ್ದರೆ ಸ್ಪ್ಲಿಟರ್‌ನಿಂದ ಆ ಮನೆಗೆ ಹೋಗುವ ಡ್ರಾಪ್ ಕೇಬಲ್. ಇನ್ನೊಂದು, ಕರೆಂಟ್ ಹೋದಾಗ ಓಎನ್‌ಯು (ಗ್ರಾಹಕರ ಮನೆಯ ಫೈಬರ್ ಪೆಟ್ಟಿಗೆ) ಆರುವ ಮುನ್ನ 'ಡೈಯಿಂಗ್ ಗ್ಯಾಸ್ಪ್' ಅನ್ನೋ ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಅದು ಬರುವುದಿಲ್ಲ. ಓಎಲ್‌ಟಿ ಲಾಗ್ ನೋಡಿದರೆ ಕರೆಂಟ್ ಹೋಗಿದೆಯೋ ಜೆಸಿಬಿ ಕಿತ್ತಿದೆಯೋ ಕೂತಲ್ಲೇ ಗೊತ್ತಾಗುತ್ತದೆ. ನಮ್ಮ ಕಡೆ ಎರಡೂ ಬೇಕಾದಷ್ಟಿವೆ. ಸುಮ್ನೆ ಹುಡುಗನನ್ನು ಬಿಸಿಲಲ್ಲಿ ಹಳ್ಳಿಗೆ ಓಡಿಸುವುದು ತಪ್ಪುತ್ತದೆ.

ಆಮೇಲೆ ಸ್ಮೋಕ್‌ಪಿಂಗ್, ಅಂದರೆ ಸದಾ ಪಿಂಗ್ ಮಾಡಿ ವಿಳಂಬದ ಗ್ರಾಫ್ ಬರೆದಿಡುವ ಸಾಫ್ಟ್‌ವೇರ್. ಇದು ಉಚಿತ. ಮೂರು ಗುರಿ ಕೊಡಿ: ನಿಮ್ಮ ಗೇಟ್‌ವೇ (ನಿಮ್ಮ ನೆಟ್‌ವರ್ಕ್‌ನಿಂದ ಹೊರಗೆ ಹೋಗುವ ರೂಟರ್), ನಿಮಗೆ ಬ್ಯಾಂಡ್‌ವಿಡ್ತ್ ಕೊಡುವವರ ಮೊದಲ ರೂಟರ್, ಹೊರಗಿನ 8.8.8.8 (ಗೂಗಲ್‌ನ ಸರ್ವರ್). ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮೊದಲನೆಯದು ಸಪಾಟಾಗಿದ್ದು ಎರಡನೆಯದರಿಂದ ಗ್ರಾಫ್ ಮೇಲೇಳುತ್ತಿದ್ದರೆ, ಮೇಲಿನ ಲಿಂಕ್ ತುಂಬಿದೆ ಅಂತಲೇ ಅನುಮಾನಿಸಿ. ಲಿಬ್ರೆಎನ್‌ಎಮ್‌ಎಸ್ (ಲಿಂಕ್‌ನಲ್ಲಿ ಎಷ್ಟು ಡೇಟಾ ಹರಿಯಿತು ಅಂತ ಬರೆದಿಡುವ ಸಾಫ್ಟ್‌ವೇರ್) ತೋರಿಸುವ ಟ್ರಾಫಿಕ್ ಗ್ರಾಫ್ ಅದೇ ಹೊತ್ತಿಗೆ ನೀವು ಕೊಂಡ ಮಿತಿಗೆ ತಾಗಿ ಚಪ್ಪಟೆಯಾಗಿದ್ದರೆ ಅನುಮಾನವೂ ಉಳಿಯಲಿಲ್ಲ, ಇನ್ನಷ್ಟು ಬ್ಯಾಂಡ್‌ವಿಡ್ತ್ ಕೊಳ್ಳಬೇಕು. ಮಿತಿ ಮುಟ್ಟದೆಯೂ ವಿಳಂಬ ಏರುತ್ತಿದ್ದರೆ ಎರಡೂ ಗ್ರಾಫ್ ಬ್ಯಾಂಡ್‌ವಿಡ್ತ್ ಕೊಡುವವರಿಗೆ ಕಳಿಸಿ. "ನಮ್ಮ ಕಡೆ ಎಲ್ಲ ಸರಿ ಇದೆ" ಅನ್ನುವವರು ಗ್ರಾಫ್ ಕಂಡರೆ ಕೂತು ಮಾತಾಡುತ್ತಾರೆ.

ಈ ಟ್ರಾಫಿಕ್ ಗ್ರಾಫ್ ಹಾಕುವಾಗ, ಹರಿದ ಬೈಟ್ ಎಣಿಸುವ ರೂಟರ್‌ನ 64 ಬಿಟ್ ಕೌಂಟರ್ ಓದಿಸಿ. ಒಂದು ಗಿಗಾಬಿಟ್ ಲಿಂಕ್ ತುಂಬಿ ಹರಿದರೆ 32 ಬಿಟ್ ಕೌಂಟರ್ 34 ಸೆಕೆಂಡಿಗೇ ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ಸಿಗುವುದು ಸುಳ್ಳು ಅಂಕಿ.

ದಾರಿಯ ಪ್ರತಿ ರೂಟರನ್ನೂ ಪಿಂಗ್ ಮಾಡಿ ಸಾಲಾಗಿ ತೋರಿಸುವ ಎಂಟಿಆರ್ ಬಗ್ಗೆ ಒಂದು ಮಾತು. ನಡುವಿನ ಒಂದು ಹಾಪ್‌ನಲ್ಲಿ (ದಾರಿಯ ಒಂದು ರೂಟರ್‌ನಲ್ಲಿ) 60 ಪರ್ಸೆಂಟ್ ಲಾಸ್ (ಉತ್ತರ ಬಾರದ ಪಿಂಗ್) ಕಂಡಿತು ಅಂತ ಸ್ಕ್ರೀನ್‌ಶಾಟ್ ಕಳಿಸಿ ಜಗಳ ತೆಗೆಯುವವರು ಬಹಳ. ಆ ರೂಟರ್ ನಮ್ಮ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ಕೊನೆಗೆ ಇಟ್ಟುಕೊಂಡಿರುತ್ತದೆ, ಅಷ್ಟೇ. ಡೇಟಾ ಮುಂದಕ್ಕೆ ಸರಿಯಾಗಿಯೇ ಹೋಗುತ್ತಿರುತ್ತದೆ. ಕೊನೆಯ ಸಾಲಿನಲ್ಲಿ ಲಾಸ್ ಇಲ್ಲದಿದ್ದರೆ ಆ ನಡುವಿನದನ್ನು ಬಿಟ್ಟುಬಿಡಿ.

"ಎಲ್ಲ ಓಪನ್ ಆಗ್ತಾವ್ರಿ, ಬ್ಯಾಂಕಿಂದು ಒಂದೇ ಆಗವಲ್ದು" ಅನ್ನೋ ಕಂಪ್ಲೇಂಟ್‌ಗೆ ಯಾವ ಗ್ರಾಫ್‌ನಲ್ಲೂ ಉತ್ತರವಿಲ್ಲ. ಪಿಪಿಪಿಓಇ (ಗ್ರಾಹಕರು ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ವಿಧಾನ) ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ತೆಗೆದುಕೊಳ್ಳುವುದರಿಂದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಆಗುತ್ತದೆ. ದಾರಿಯಲ್ಲಿ ಯಾರೋ ಐಸಿಎಂಪಿ ('ಪ್ಯಾಕೆಟ್ ದೊಡ್ಡದಾಯಿತು' ಅಂತ ತಿಳಿಸುವ ಸಂದೇಶ) ತಡೆದಿದ್ದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ರೂಟರ್‌ನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಗರಿಷ್ಠ ಗಾತ್ರ) 1452ಕ್ಕೆ ಇಳಿಸಿ ನೋಡಿ.

ಮಾನಿಟರಿಂಗ್ ಸರ್ವರನ್ನು ಓಎಲ್‌ಟಿ ರೂಮಲ್ಲಿ ಮಾತ್ರ ಇಡಬೇಡಿ. ಆ ರೂಮಿನ ಬ್ಯಾಟರಿ ಕೈಕೊಟ್ಟರೆ ಅಲರ್ಟ್ ಕಳಿಸುವುದೂ ನಿಲ್ಲುತ್ತದೆ. ಹೊರಗೆ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದು, ಅಲ್ಲಿಂದ ನಿಮ್ಮ ಪಬ್ಲಿಕ್ ಐಪಿಗೆ ಪಿಂಗ್ ಹಾಕಿಸಿ. ಇಷ್ಟಾದ ಮೇಲೂ ಕೈಯಲ್ಲಿ ದುಡ್ಡು ಉಳಿದರೆ ಒಂದು ಓಟಿಡಿಆರ್ ಕೊಳ್ಳಿ. ಕಾಲುವೆ ಪಕ್ಕದ ಲೈನ್ ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಅಂತ ಅದು ಹೇಳುತ್ತದೆ.