ಜೀವಂತ ಅರ್ಜಿಗೆ ಬರೆದ ಶ್ರದ್ಧಾಂಜಲಿ

2024ರ ಮಾರ್ಚ್ 15ರಂದು ಪೇಟೆಂಟ್ ನಿಯಮಗಳ ತಿದ್ದುಪಡಿ ಪ್ರಕಟವಾದಾಗ ಅದರ ಸಾರಾಂಶಗಳು ನಮ್ಮ ವಕೀಲ ಕಚೇರಿಯ ಇಮೇಲ್‌ಗಳಿಗೆ ರಾಶಿ ರಾಶಿಯಾಗಿ ಬಂದು ಬಿದ್ದವು. ನಾವು ಓದಿದ್ದರಲ್ಲೆಲ್ಲ ದಪ್ಪಕ್ಷರದ ಸಾಲು ಒಂದೇ: ಅರ್ಜಿಯನ್ನು ಪರೀಕ್ಷಿಸುವಂತೆ ಪೇಟೆಂಟ್ ಕಚೇರಿಯನ್ನು ಕೋರುವ ಅವಧಿ 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಅದನ್ನು ನೋಡಿ ಗಡುವುಗಳ ಲೆಕ್ಕವಿಡುವ ಡಾಕೆಟ್ ವಿಭಾಗದವರು ತಂತ್ರಾಂಶದಲ್ಲಿ ಒಂದೇ ಒಂದು ಸಂಖ್ಯೆ ತಿದ್ದಿದರು. ಹಳೆಯ ಅರ್ಜಿಗಳ ಗಡುವೂ ತಾನಾಗಿ ಹಿಂದಕ್ಕೆ ಸರಿಯಿತು. ಆ ತಿದ್ದುಪಡಿಗೆ ಸಹಿ ಹಾಕಿದವನು ನಾನು.

ಜೂನ್‌ನಲ್ಲಿ ಗಡುವು ಮೀರಿದ ಅರ್ಜಿಗಳ ಕೆಂಪು ಪಟ್ಟಿ ಬಂತು. ಪೀಣ್ಯದ ಒಬ್ಬ ಸಣ್ಣ ಯಂತ್ರ ತಯಾರಕರ ಅರ್ಜಿ ಅದರಲ್ಲಿತ್ತು. ಚೆನ್ನೈ ಪೇಟೆಂಟ್ ಕಚೇರಿಯಲ್ಲಿ 2021ರ ಆಗಸ್ಟ್‌ನಲ್ಲಿ ಸಲ್ಲಿಸಿದ್ದು. ದುಡ್ಡಿನ ಅಡಚಣೆಯಿಂದ ಅವರು ಪರೀಕ್ಷೆ ಕೋರುವ ಫಾರ್ಮ್ 18 ಅನ್ನು ಮುಂದೂಡುತ್ತಲೇ ಬಂದಿದ್ದರು. 31 ತಿಂಗಳ ಲೆಕ್ಕದಲ್ಲಿ ಅವರ ಅವಧಿ ಮಾರ್ಚ್‌ನಲ್ಲೇ ಮುಗಿದಿತ್ತು. ಅವಧಿಯೊಳಗೆ ಕೋರಿಕೆ ಬರದಿದ್ದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸಬೇಕೆಂದು ಪೇಟೆಂಟ್ ಕಾಯ್ದೆಯ ಸೆಕ್ಷನ್ 11ಬಿ ಹೇಳುತ್ತದೆ.

ಸಭಾ ಕೊಠಡಿಯ ಬಾಗಿಲು ಮುಚ್ಚಿತು. ಹಿರಿಯ ಪಾಲುದಾರರು ಬಾಯಿಬಿಡಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು, ಅಷ್ಟೇ. ಬೈದಿದ್ದರೆ ಎಷ್ಟೋ ಸಲೀಸಾಗಿತ್ತು. ಡಾಕೆಟ್ ಮುಖ್ಯಸ್ಥರು ನನ್ನ ಸಹಿ ಇದ್ದ ಹಾಳೆಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಬಹಳ ವಿನಯದಿಂದ ಇಟ್ಟರು. ನಾನು ‘ವಿಷಾದದಿಂದ ತಿಳಿಸುತ್ತೇವೆ’ ಎಂದು ಪತ್ರದ ಕರಡು ಆರಂಭಿಸಿದೆ. ಅವಧಿ ವಿಸ್ತರಣೆಗೆ ಕೇಳಬಹುದೇ, ಅದರ ಶುಲ್ಕವನ್ನು ಯಾರ ತಲೆಗೆ ಕಟ್ಟುವುದು, ಹೈಕೋರ್ಟಿಗೆ ರಿಟ್ ಹಾಕಿದರೆ ಏನು ಕಾರಣ ಹೇಳುವುದು ಎಂದು ತಲೆ ಓಡುತ್ತಿತ್ತು.

“ಸರ್, ಮೂಲ ಅಧಿಸೂಚನೆಯನ್ನು ಒಮ್ಮೆ ನೋಡಿದರೆ...” ಎಂದರು ನಮ್ಮ ಜೂನಿಯರ್.

“ಅದನ್ನು ಓದುತ್ತಾ ಕೂರುವ ಹೊತ್ತೇನಮ್ಮ ಇದು?” ಎಂದೆ. ಅನುಭವಸ್ಥನ ದನಿಯಲ್ಲಿ ಹೇಳಿದೆ ಬೇರೆ.

ಪಾಲುದಾರರು ಕಕ್ಷಿದಾರರ ಸಂಖ್ಯೆ ಒತ್ತಿಯೇ ಬಿಟ್ಟರು. ಅತ್ತ ಗಂಟೆ ಹೊಡೆಯುತ್ತಿರುವಾಗ ಜೂನಿಯರ್ ನನ್ನ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಗೆಜೆಟ್ ತೆರೆದು, ಹಿಂದಿ ಪುಟಗಳನ್ನು ದಾಟಿ, ಲ್ಯಾಪ್‌ಟಾಪನ್ನು ಮೇಜಿನ ನಡುವೆ ತಿರುಗಿಸಿದರು. ನಿಯಮ 24ಬಿ ಯಲ್ಲೇ ಇತ್ತು: ಈ ತಿದ್ದುಪಡಿ ಜಾರಿಗೆ ಬರುವ ಮೊದಲು ಸಲ್ಲಿಸಿದ ಅರ್ಜಿಗಳಿಗೆ 48 ತಿಂಗಳು. ಅಂದರೆ 2025ರ ಆಗಸ್ಟ್. ಇನ್ನೂ ವರ್ಷದ ಮೇಲೆ ಕಾಲಾವಕಾಶ.

ಅಷ್ಟರಲ್ಲಿ ಕಕ್ಷಿದಾರರು ಫೋನ್ ಎತ್ತಿದರು. ಪಾಲುದಾರರು ಒಂದು ಕ್ಷಣ ಕೆಮ್ಮಿ, “ನಮಸ್ಕಾರ, ಆ ಫಾರ್ಮ್ 18 ಯಾವಾಗ ಹಾಕೋಣ ಎಂದು ಕೇಳಲು ಮಾಡಿದೆ” ಎಂದರು. “ದೀಪಾವಳಿ ಕಳೆಯಲಿ ಸರ್” ಎಂಬ ಉತ್ತರ ಬಂತು.

ಗೆಜೆಟ್ ಬದಿಗಿರಲಿ, ಸಾಮಾನ್ಯ ಲೆಕ್ಕವಾದರೂ ನನ್ನನ್ನು ಎಚ್ಚರಿಸಬೇಕಿತ್ತು. ಹಿಂದಿನ ದಿನದವರೆಗೆ ಸುರಕ್ಷಿತವಾಗಿದ್ದ ಅರ್ಜಿಯನ್ನು ಹೊಸ ನಿಯಮವೊಂದು ತಾನು ಹುಟ್ಟಿದ ತಿಂಗಳಲ್ಲೇ ಮುಗಿಸಿಬಿಡುತ್ತದೆಯೇ? ಹಾಗೆ ತೋರಿದ ಕೂಡಲೇ ಹಳೆಯ ಅರ್ಜಿಗಳನ್ನು ಕಾಯುವ ಪರಿವರ್ತನಾ ಕಲಂ ಎಲ್ಲೋ ಇರಬೇಕು ಎಂದು ಹುಡುಕುವುದು ಈ ಕೆಲಸದ ಅ ಆ ಇ ಈ. ಸಾರಾಂಶ ಬರೆಯುವವರು ಮೊದಲು ಕೈಬಿಡುವುದೂ ಅದೇ ಕಲಂ.

ಮೂಲ ಓದುವುದು ಬೇಸರದ ಕೆಲಸ ಎಂಬುದು ನಿಜ. ತಿದ್ದುಪಡಿ ಅಧಿಸೂಚನೆಯಲ್ಲಿ ‘ಇಂಥ ಪದಗಳ ಬದಲಿಗೆ ಇಂಥ ಪದಗಳು’ ಎಂದಷ್ಟೇ ಇರುತ್ತದೆ. 2003ರ ಮೂಲ ನಿಯಮಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅರ್ಥವಾಗದು. ನಮ್ಮ ಹಂಚಿಕೆಯ ಫೋಲ್ಡರಿನಲ್ಲಿ 2023ರ ಆಗಸ್ಟ್‌ನ ಕರಡು ನಿಯಮಗಳೂ ಇದ್ದವು. ಅವೂ ಗೆಜೆಟ್‌ನಲ್ಲೇ ಬಂದವು, ಅದೇ ಲಾಂಛನ, ಅದೇ ಅಚ್ಚು. ಕಡತದ ಹೆಸರಿನಲ್ಲಿ ‘ಕರಡು’ ಎಂಬುದನ್ನು ಯಾರೂ ಬರೆದಿರಲಿಲ್ಲ. ಕಪಾಟಿನ ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠದ ಪುಸ್ತಕ) ಇನ್ನೂ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಗಿ ಎನ್ನುತ್ತದೆ. ಆ ಮಂಡಳಿ ರದ್ದಾದದ್ದು 2021ರ ಏಪ್ರಿಲ್‌ನಲ್ಲಿ, ಮೇಲ್ಮನವಿ ಈಗ ಹೈಕೋರ್ಟಿಗೆ.

ಜಾರಿ ದಿನಾಂಕದ ಕಾಟ ಬೇರೆ. ಹಲವು ಕಾಯ್ದೆಗಳನ್ನು ಒಟ್ಟಿಗೆ ತಿದ್ದಿದ ಜನ ವಿಶ್ವಾಸ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ಪೇಟೆಂಟ್ ಕಾಯ್ದೆಗೆ ಅದು ಮಾಡಿದ ಬದಲಾವಣೆಗಳು ಜಾರಿಯಾದದ್ದು 2024ರ ಆಗಸ್ಟ್ 1ರಂದು, ಪ್ರತ್ಯೇಕ ಅಧಿಸೂಚನೆಯಿಂದ. ನಡುವಿನ ವರ್ಷದಲ್ಲಿ ಕಾಯ್ದೆಯ ಪ್ರತಿ ಮಾತ್ರ ನೋಡಿ ಸಲಹೆ ಕೊಟ್ಟವರ ಪಾಡು ಊಹಿಸಿಕೊಳ್ಳಿ.

ಈಗ ಡಾಕೆಟ್‌ನಲ್ಲಿ ಗಡುವು ಬದಲಿಸಬೇಕಾದರೆ ಗೆಜೆಟ್‌ನ ಪುಟವನ್ನೂ ಲಗತ್ತಿಸಬೇಕು. ಇದು ಜೂನಿಯರ್ ಮಾಡಿಸಿದ ನಿಯಮ. ಆಡಳಿತದವರು ಇದಕ್ಕೆ ಅರ್ಧ ದಿನದ ಸಿಬ್ಬಂದಿಯನ್ನು ಕೊಡಲು ಒಪ್ಪಲಿಲ್ಲ. ಬದಲಿಗೆ ಅಧಿಸೂಚನೆಗಳ ಸಾರಾಂಶ ಕಳಿಸುವ ಇನ್ನೊಂದು ಸೇವೆಗೆ ಚಂದಾ ಕಟ್ಟಿದ್ದಾರೆ.