ರೊಟ್ಟಿ ಬಡಿಯುವ ಸಪ್ಪಳ

ಆರು ದಿನ ಸೂಪರ್ ಮಾರ್ಕೆಟ್ ಗದ್ದಲ, ರಿಂಗ್ ರೋಡ್ ಧೂಳು. ಇವತ್ತು ಎಲ್ಲೂ ಹೋಗಲಿಲ್ಲ. ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೇ ಎಚ್ಚರವಾಯಿತು. ದಿನಾ ಬಡಿಯುತ್ತಾಳೆ, ಓಡುವ ಅವಸರದಲ್ಲಿ ನಾನು ಕೇಳಿಸಿಕೊಂಡೇ ಇರಲಿಲ್ಲ.

ಒಲೆ ಪಕ್ಕ ಸುಮ್ನೆ ಕೂತು ನೋಡಿದೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾಳೆ. ಜೋಳಕ್ಕೆ ಗೋಧಿಯ ಹಾಗೆ ಜಿಗಿ ಇಲ್ಲ ಅಲ್ವಾ, ಬಿಸಿನೀರು ಬೀಳದಿದ್ದರೆ ಅಂಚು ಒಡೆಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಮೊಸರು, ಗಟ್ಟಿ ಬೇಳೆ. ನಮ್ಮ ಕಲಬುರಗಿ ತೊಗರಿಯದ್ದೇ, 2019ರಲ್ಲಿ ಈ ನೆಲದ್ದೇ ವಿಶೇಷ ಬೆಳೆ ಅಂತ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದದ್ದು. ಆ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

"ಇನ್ನೊಂದು ಹಾಕ್ಲೇನಪ್ಪಾ?" ಅಂದಳು. ಆಗಲೇ ಮೂರಾಗಿತ್ತು. ಹೂಂ ಅಂದೆ.

ಮಧ್ಯಾಹ್ನ ಬೇವಿನ ನೆರಳಲ್ಲಿ ಹೊರಸು ಹಾಕಿ ಮಲಗಿದೆ. ಫೋನ್ ಒಳಗೇ ಇತ್ತು.