ದಾಳಕ್ಕಿಂತ ಮೊದಲು ಅಳತೆ: ಮಿನಿಯೇಚರ್ ವಾರ್‌ಗೇಮ್‌ಗೆ ನಿಯಮ ಬರೆಯುವ ಬಗೆ

ಮಿನಿಯೇಚರ್ ವಾರ್‌ಗೇಮ್ ಎಂದರೆ ಪುಟ್ಟ ಸೈನಿಕ ಗೊಂಬೆಗಳನ್ನು ಟೇಬಲ್ ಮೇಲೆ ನಡೆಸಿ, ದಾಳ ಎಸೆದು ಆಡುವ ಯುದ್ಧದ ಆಟ. ಇದಕ್ಕೆ ಸ್ವಂತ ನಿಯಮ ಬರೆಯಲು ಹೊರಟವರು ಸಾಮಾನ್ಯವಾಗಿ ಆಯುಧಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಯಾವ ಬಂದೂಕು ಎಷ್ಟು ದೂರ ಹೊಡೆಯುತ್ತದೆ, ಯಾವ ಕವಚ ಎಷ್ಟು ತಡೆಯುತ್ತದೆ, ಕತ್ತಿಗೂ ಈಟಿಗೂ ಏನು ವ್ಯತ್ಯಾಸ. ಪುಟಗಳು ತುಂಬುತ್ತವೆ, ಬರೆಯುವಾಗ ಖುಷಿಯೂ ಆಗುತ್ತದೆ. ಟೇಬಲ್ ಮೇಲೆ ಇಟ್ಟಾಗ ಮಾತ್ರ ಆಟ ಓಡುವುದಿಲ್ಲ. ಒಂದೋ ಮೊದಲ ಸರದಿಯಲ್ಲೇ ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸುತ್ತಾರೆ, ಇಲ್ಲವೇ ನಾಲ್ಕನೇ ಸರದಿವರೆಗೂ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಆಗ ಆಯುಧಗಳ ಪಟ್ಟಿ ತಿದ್ದಿದರೆ ಪ್ರಯೋಜನವಿಲ್ಲ. ತಪ್ಪಿರುವುದು ದೂರ ಮತ್ತು ಸಮಯದ ಅಳತೆಯಲ್ಲಿ.

ಅದಕ್ಕೂ ಮೊದಲು ಆಟಗಾರ ಯಾರ ಜಾಗದಲ್ಲಿ ನಿಂತಿದ್ದಾನೆ ಎಂದು ತೀರ್ಮಾನಿಸಿ. ಹತ್ತು ಜನರನ್ನು ನಡೆಸುವ ಸಾರ್ಜೆಂಟೋ, ಬೆಟಾಲಿಯನ್ನಿನ ಕರ್ನಲ್ಲೋ, ಇಡೀ ಡಿವಿಷನ್ನಿನ ಜನರಲ್ಲೋ? ಯಾರ ಬಂದೂಕಿನಲ್ಲಿ ಎಷ್ಟು ಗುಂಡು ಉಳಿದಿದೆ ಎನ್ನುವುದು ಸಾರ್ಜೆಂಟ್‌ಗೆ ಮುಖ್ಯ. ಜನರಲ್‌ಗೆ ಅದು ಗೊತ್ತೇ ಆಗುವುದಿಲ್ಲ. ಕಳಿಸಿದ ಆದೇಶ ತಲುಪಿತೇ, ಮೀಸಲು ಪಡೆ ಎಲ್ಲಿದೆ, ಎಡಬದಿ ಇನ್ನೆಷ್ಟು ಹೊತ್ತು ತಡೆದೀತು ಎನ್ನುವುದೇ ಅವನ ಚಿಂತೆ. ಎರಡನ್ನೂ ಒಂದೇ ಆಟಕ್ಕೆ ತುರುಕಿದರೆ ಎರಡೂ ಕೆಡುತ್ತವೆ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ, ಬರೆಯಬೇಕು ಅಂದುಕೊಂಡಿದ್ದ ಅರ್ಧ ನಿಯಮಗಳು ತಾವಾಗಿಯೇ ಬೇಡವಾಗುತ್ತವೆ ಎನ್ನುವುದು ನನ್ನ ನಂಬಿಕೆ.

ಈಗ ಟೇಬಲ್ ಲೆಕ್ಕ. ಎಷ್ಟೋ ಆಟಗಳು 6 ಅಡಿ ಉದ್ದ, 4 ಅಡಿ ಅಗಲದ ಟೇಬಲ್ ಮೇಲೆ ನಡೆಯುತ್ತವೆ. ಅಗಲ 48 ಇಂಚು. ಎರಡೂ ಕಡೆಯವರು ತಮ್ಮ ಅಂಚಿನಿಂದ 12 ಇಂಚಿನೊಳಗೆ ಸೈನ್ಯ ಹೂಡಿದರೆ ನಡುವೆ ಉಳಿಯುವುದು 24 ಇಂಚು. ಬಂದೂಕಿನ ದೂರವೂ 24 ಇಂಚು ಎಂದು ಬರೆದಿದ್ದರೆ ನಡೆಯುವ ಅಗತ್ಯವೇ ಇಲ್ಲ, ನಿಂತಲ್ಲೇ ಹೊಡೆದಾಟ. ಅದನ್ನು 12 ಇಂಚಿಗೆ ಇಳಿಸಿ, ಕಾಲಾಳು ಸರದಿಗೆ 6 ಇಂಚು ನಡೆಯಲಿ ಎಂದಿಡಿ. ಇಬ್ಬರೂ ಮುಂದೆ ಬಂದರೆ ಮೊದಲ ಸರದಿ ಮುಗಿಯುವಾಗ ಅಂತರ 12 ಇಂಚು. ಎರಡನೆಯದರಲ್ಲಿ ಗುಂಡು, ಮೂರನೆಯದರಲ್ಲಿ ಕೈಕೈ ಕಾಳಗ. ಆರೇಳು ಸರದಿಯ ಆಟಕ್ಕೆ ಇದು ಹಿತವಾದ ನಡಿಗೆ. 12 ಇಂಚು ಓಡುವ ಕುದುರೆಪಡೆ ಎರಡನೇ ಸರದಿಗೇ ಮೈಮೇಲೆ ಬೀಳಬಹುದು, ಹಾಗೇ ಆಗಬೇಕು ಕೂಡ.

ಸಮಯಕ್ಕೂ ಇದೇ ಥರ ಲೆಕ್ಕ ಹಾಕಿ. ಮೂರು ಗಂಟೆಯ ಆಟದಲ್ಲಿ ಹೂಡುವುದಕ್ಕೆ 20 ನಿಮಿಷ ಹೋದರೆ ಉಳಿಯುವುದು 160. ಏಳು ಸರದಿಗೆ ಹಂಚಿದರೆ ಸರದಿಗೆ 23 ನಿಮಿಷ ಸಿಗುತ್ತದೆ. ಎರಡೂ ಕಡೆ ಎಂಟೆಂಟು ತುಕಡಿ ಇದ್ದರೆ ಒಂದು ತುಕಡಿಗೆ ಒಂದೂವರೆ ನಿಮಿಷವೂ ಇಲ್ಲ. ಯೋಚನೆ, ನಡೆಸುವುದು, ದಾಳ, ಸತ್ತವರನ್ನು ತೆಗೆಯುವುದು, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಮೂರು ಕೋಷ್ಟಕ ತೆಗೆದು ನೋಡಬೇಕಾದ ಗುಂಡಿನ ನಿಯಮ ಎಷ್ಟೇ ನಿಖರವಾಗಿರಲಿ, ಈ ಅವಧಿಯೊಳಗೆ ಹಿಡಿಸುವುದಿಲ್ಲ.

ಗೊಂಬೆಯ ಅಳತೆ ಬೇರೆ, ನೆಲದ ಅಳತೆ ಬೇರೆ. ಇಲ್ಲೇ ಹೆಚ್ಚಿನ ಜನ ಎಡವುವುದು. 28 ಮಿ.ಮೀ. ಗೊಂಬೆ ಹೆಚ್ಚೂಕಮ್ಮಿ 1:60, ಅಂದರೆ ನಿಜದ ಅರವತ್ತನೇ ಒಂದು. ನೆಲಕ್ಕೂ ಅದೇ ಅಳತೆ ಹಿಡಿದರೆ ಟೇಬಲ್ಲಿನ 1 ಇಂಚು ಎಂದರೆ ಒಂದೂವರೆ ಮೀಟರ್, 24 ಇಂಚಿನ ರೈಫಲ್ ದೂರ ಎಂದರೆ 37 ಮೀಟರ್. 300 ಮೀಟರ್ ಹೊಡೆಯುವ ರೈಫಲ್ಲನ್ನು ಇದ್ದಂತೆ ತೋರಿಸಲು ಹದಿನಾರು ಅಡಿಗೂ ಉದ್ದದ ಟೇಬಲ್ ಬೇಕು. ಒಂದು ಬೀದಿಯೊಳಗಿನ ಚಕಮಕಿಗೆ 1:60 ಸರಿ. ದೊಡ್ಡ ಕದನಕ್ಕೆ ನೆಲವನ್ನು ಕುಗ್ಗಿಸಲೇಬೇಕು, ಕುಗ್ಗಿಸುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು.

ನೆಪೋಲಿಯನ್ ಕಾಲದ ಬೆಟಾಲಿಯನ್ನೊಂದನ್ನು ಹತ್ತಿರದಿಂದ ನೋಡೋಣ. 600 ಜನ, ಮೂರು ಸಾಲು. ಹಾಗಾಗಿ ಮುಂದಿನ ಸಾಲಿನಲ್ಲಿ 200 ಜನ. ಭುಜಕ್ಕೆ ಭುಜ ತಾಗಿ ನಿಂತವನಿಗೆ 55ರಿಂದ 60 ಸೆಂ.ಮೀ. ಜಾಗ ಹಿಡಿದರೆ ಸಾಲಿನ ಅಗಲ 110ರಿಂದ 120 ಮೀಟರ್. ಆ ಕಾಲದ ನಯ ನಳಿಗೆಯ ಮಸ್ಕೆಟ್ ಗುಂಪಿನ ಮೇಲೆ ಪರಿಣಾಮ ಬೀರುತ್ತಿದ್ದದ್ದು ಸುಮಾರು 100 ಮೀಟರ್ ಒಳಗೆ. ಅಂದರೆ ಮಸ್ಕೆಟ್‌ನ ದೂರವೂ ಬೆಟಾಲಿಯನ್ನಿನ ಅಗಲವೂ ಹತ್ತಿರ ಹತ್ತಿರ ಒಂದೇ. ನಿಮ್ಮ ಬೆಟಾಲಿಯನ್ನಿಗೆ 40 ಮಿ.ಮೀ. ಅಗಲದ ನಾಲ್ಕು ಬೇಸ್ (ಗೊಂಬೆಗಳನ್ನು ಅಂಟಿಸುವ ತಳದ ತುಂಡು) ಇದ್ದರೆ ಅಗಲ 160 ಮಿ.ಮೀ., ಆರು ಇಂಚು ಚಿಲ್ಲರೆ. ಹಾಗಾದರೆ ಮಸ್ಕೆಟ್ ದೂರ 6 ಇಂಚು, ಟೇಬಲ್ಲಿನ 1 ಇಂಚು ಎಂದರೆ ಸುಮಾರು 18 ಮೀಟರ್. 800 ಮೀಟರ್ ಹೊಡೆಯುವ ಫಿರಂಗಿಗೆ 44 ಇಂಚು, ಬಹುತೇಕ ಟೇಬಲ್ಲಿನ ಇಡೀ ಅಗಲ. ಮಸ್ಕೆಟ್‌ಗೆ 24 ಇಂಚು ಕೊಟ್ಟ ಆಟದಲ್ಲಿ ಪಕ್ಕದಲ್ಲಿರುವ ಮೂರು ಬೆಟಾಲಿಯನ್ ಒಂದೇ ಗುರಿಗೆ ಗುಂಡು ಸುರಿಸುತ್ತವೆ. ಆ ಕಾಲದಲ್ಲಿ ಅದು ಆಗುತ್ತಿರಲಿಲ್ಲ. ಬೆಟಾಲಿಯನ್ನಿನ ಅಗಲವನ್ನೇ ಅಳತೆಗೋಲು ಮಾಡಿಕೊಂಡು ಉಳಿದೆಲ್ಲವನ್ನೂ ಅದರ ಭಾಗವಾಗಿ ಬರೆಯಿರಿ. ಆಗ ಬೇರೆ ಅಳತೆಯ ಬೇಸ್ ಇರುವವರೂ ನಿಮ್ಮ ಆಟ ಆಡಬಹುದು.

ಎಷ್ಟು ಎಚ್ಚರ ವಹಿಸಿದರೂ ಸುಳ್ಳಾಗುವುದು ಆಳ. ಮೂರು ಸಾಲಿನ ನಿಜವಾದ ಆಳ ಎರಡು ಮೂರು ಮೀಟರ್, 40 ಮಿ.ಮೀ. ಬೇಸ್ ಮೇಲಿನ ಲೆಕ್ಕದಲ್ಲಿ 28 ಮೀಟರ್ ಆಗಿಬಿಡುತ್ತದೆ. ಇದಕ್ಕೆ ಪರಿಹಾರವಿಲ್ಲ. ಬೇಸ್‌ನ ಹಿಂದಿನ ಅಂಚಿನಿಂದ ಏನನ್ನೂ ಅಳೆಯಬಾರದು ಎಂಬ ನಿಯಮ ಹಾಕಿ, ಎಲ್ಲವನ್ನೂ ಮುಂದಿನ ಅಂಚಿನಿಂದ ಅಳೆದರೆ ಹಾನಿ ಕಡಿಮೆಯಾಗುತ್ತದೆ. ತುಂಡಿಗೂ ನೆಲಕ್ಕೂ ಒಂದೇ ಅಳತೆ ಇಟ್ಟ ಆಟವೂ ಇತ್ತು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ಕಿರಿಯ ರೈಸ್‌ವಿಟ್ಸ್ ರೂಪಿಸಿದ ಕ್ರೀಗ್‌ಶ್ಪೀಲ್ ಎಂಬ ಯುದ್ಧದ ಆಟದಲ್ಲಿ 1:8000 ನಕ್ಷೆ, ಅದೇ ಅಳತೆಗೆ ಮಾಡಿದ ತುಂಡುಗಳು, ಕದನದ 2 ನಿಮಿಷಕ್ಕೆ ಒಂದರಂತೆ ಸರದಿಗಳು ಇದ್ದವು. ದೂರ ಮತ್ತು ಕಾಲ ಗಟ್ಟಿಯಾಗಿದ್ದರಿಂದ ಉಳಿದ ಎಷ್ಟೋ ತೀರ್ಮಾನಗಳನ್ನು ಮಧ್ಯಸ್ಥನಿಗೆ ಬಿಡಲು ಸಾಧ್ಯವಾಯಿತು.

ಇನ್ನು ದಾಳ. ತಗುಲಿಸಲು 4 ಅಥವಾ ಹೆಚ್ಚು, ಗಾಯಕ್ಕೆ 4 ಅಥವಾ ಹೆಚ್ಚು, ಆಮೇಲೆ ಕವಚ ಕಾಪಾಡಬೇಕಾದರೆ ಎದುರಾಳಿ 5 ಅಥವಾ ಹೆಚ್ಚು ಎಸೆಯಬೇಕು ಎಂದಿಟ್ಟುಕೊಳ್ಳಿ. ಅರ್ಧದಲ್ಲಿ ಅರ್ಧ, ಅದರಲ್ಲಿ ಮೂರನೇ ಎರಡು. ಗುಣಿಸಿದರೆ ಆರರಲ್ಲಿ ಒಂದು. ಒಂದೇ ಸಲ ಎಸೆದು 6 ಬಿದ್ದವನ್ನು ಎಣಿಸಿದರೂ ಸರಾಸರಿ ಅದೇ, ಏರಿಳಿತವೂ ಅದೇ. 12 ದಾಳದ ಗುಂಡಿಗೆ ಮೂರು ಹಂತದಲ್ಲಿ ಸರಾಸರಿ 21 ದಾಳ ಎಸೆಯುತ್ತೇವೆ, ಒಂದೇ ಹಂತದಲ್ಲಿ 12. ಮೂರು ಹಂತ ಇಟ್ಟುಕೊಳ್ಳಲು ಒಳ್ಳೆಯ ಕಾರಣ ಎರಡು: ಎದುರಾಳಿಯ ಕೈಗೂ ದಾಳ ಸಿಗುತ್ತದೆ, ಹೊಡೆಯುವವನ ಕೌಶಲ ಮತ್ತು ಹೊಡೆತ ತಿನ್ನುವವನ ಕವಚವನ್ನು ಬೇರೆ ಬೇರೆ ತಿದ್ದಬಹುದು. ಈ ಎರಡೂ ಬೇಡವಾದರೆ ಒಂದು ಹಂತ ಸಾಕು.

ಒಂದು ದಾಳಕ್ಕೆ +1 ಕೊಡುವುದು ಎಲ್ಲ ಕಡೆ ಒಂದೇ ತೂಕ ಅಲ್ಲ. 6 ಬೇಕಿದ್ದಲ್ಲಿ 5 ಸಾಕು ಎಂದರೆ ತಗುಲುವ ಗುಂಡು ಎರಡು ಪಟ್ಟಾಗುತ್ತದೆ. 3 ಬೇಕಿದ್ದಲ್ಲಿ 2 ಸಾಕು ಎಂದರೆ ಕಾಲು ಭಾಗ ಮಾತ್ರ ಹೆಚ್ಚು. ಎರಡು ದಾಳ ಕೂಡಿಸುವ ಪದ್ಧತಿಯಲ್ಲಿ ನಡುವಿನ ಸಂಖ್ಯೆಗಳ ಹತ್ತಿರ +1ರಿಂದ ಸಾಧ್ಯತೆ ಹೆಚ್ಚು ಏರುತ್ತದೆ, ತುದಿಯಲ್ಲಿ ಕಡಿಮೆ: 8 ಅಥವಾ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 15, 7ಕ್ಕೆ 21; ಆದರೆ 11ಕ್ಕೆ 3, 10ಕ್ಕೆ 6. ಹಾಗಾಗಿ ಸೈನ್ಯದ ಮನೋಬಲದ ಪರೀಕ್ಷೆಗೆ ಎರಡು ದಾಳ ಚೆನ್ನ. 7 ಬೇಕಾದ ತುಕಡಿ ನೂರಕ್ಕೆ 58 ಸಲ ನಿಲ್ಲುತ್ತದೆ, ಪಕ್ಕದಲ್ಲಿ ಸೇನಾಪತಿ ಇದ್ದು +1 ಸಿಕ್ಕರೆ 72 ಸಲ. ಸೇನಾಪತಿಯನ್ನು ಎಲ್ಲಿ ನಿಲ್ಲಿಸಲಿ ಎಂದು ಆಟಗಾರ ನಿಜಕ್ಕೂ ಯೋಚಿಸುವಷ್ಟು ವ್ಯತ್ಯಾಸ ಅದು.

ಮನೋಬಲವಿಲ್ಲದ ಆಟದಲ್ಲಿ ತುಕಡಿಗಳು ಕೊನೆಯ ಗೊಂಬೆವರೆಗೂ ಹೋರಾಡುತ್ತವೆ. ಅದು ನಿಧಾನ, ಸುಳ್ಳು ಕೂಡ. 12 ಜನರಲ್ಲಿ 4 ಜನ ಹೋದಾಗ ಪರೀಕ್ಷೆ ಶುರುವಾಗಲಿ. ಒಂದು ಎಚ್ಚರ ಇರಲಿ: ಜನ ಕಡಿಮೆಯಾದಂತೆ ದಾಳವೂ ಕಡಿಮೆಯಾಗಿ, ಮನೋಬಲಕ್ಕೂ ಅಷ್ಟೇ ಕಡಿತ ಬಿದ್ದರೆ ಒಂದೇ ನಷ್ಟಕ್ಕೆ ಎರಡು ಶಿಕ್ಷೆ. ಮೊದಲು ಪೆಟ್ಟು ತಿಂದವನು ಮತ್ತೆ ಏಳುವುದೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸರದಿಯ ಕ್ರಮದ ವಿಚಾರ. ಒಬ್ಬ ತನ್ನ ಇಡೀ ಸೈನ್ಯ ನಡೆಸಿದ ಮೇಲೆ ಇನ್ನೊಬ್ಬ ಎಂಬ ಪದ್ಧತಿ ಕಲಿಯಲು ಸುಲಭ, ಕಾಯುವವನಿಗೆ ಕಷ್ಟ. ಒಂದೊಂದು ತುಕಡಿ ಅದಲುಬದಲಾಗಿ ನಡೆಸಿದರೆ ಇಬ್ಬರೂ ಎಚ್ಚರವಾಗಿರುತ್ತಾರೆ. ಆದರೆ ಒಬ್ಬನಿಗೆ 10, ಇನ್ನೊಬ್ಬನಿಗೆ 6 ತುಕಡಿ ಇದ್ದರೆ ಕೊನೆಯ ನಾಲ್ಕಕ್ಕೆ ಉತ್ತರ ಕೊಡುವವರೇ ಇಲ್ಲ, ಹಾಗಾಗಿ ನಿಗದಿತ ಪಾಯಿಂಟ್‌ಗಳಲ್ಲಿ ಸೈನ್ಯ ಕೊಳ್ಳುವಾಗ ಎಲ್ಲರೂ ಅಗ್ಗದ ಸಣ್ಣ ತುಕಡಿಗಳನ್ನೇ ಕೊಳ್ಳುತ್ತಾರೆ. ಕಡಿಮೆ ಇರುವವನಿಗೆ ಆ ವ್ಯತ್ಯಾಸದಷ್ಟು ಪಾಸ್ ಬಿಲ್ಲೆ (ಯಾವ ತುಕಡಿಯನ್ನೂ ನಡೆಸದೆ ತನ್ನ ಪಾಳಿ ಬಿಟ್ಟುಕೊಡುವ ಹಕ್ಕು) ಕೊಟ್ಟರೆ ಸಮಸ್ಯೆ ಮುಗಿಯಿತು. ಇನ್ನೊಂದು ತೊಂದರೆ, ಎರಡು ತುಕಡಿ ಜೊತೆಯಾಗಿ ದಾಳಿ ಮಾಡಲು ಆಗುವುದಿಲ್ಲ; ನಡುವೆ ಎದುರಾಳಿ ಸರಿದುಬಿಡುತ್ತಾನೆ. ಸೇನಾಪತಿಯ 6 ಇಂಚಿನೊಳಗಿನ ಎರಡು ತುಕಡಿಗಳನ್ನು ಒಟ್ಟಿಗೆ ನಡೆಸಲು ಬಿಡಿ. ಅವನಿಗೆ ಕೊಡಬಹುದಾದ ಅತ್ಯುತ್ತಮ ಶಕ್ತಿ ಇದೇ.

ಎರಡೂ ಸೈನ್ಯ ಸಮವಾಗಲೆಂದು ಯೋಧರಿಗೆ ಪಾಯಿಂಟ್ ಬೆಲೆ ಕಟ್ಟುವವರು ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ 1916ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಲೆಕ್ಕವನ್ನು ತಿಳಿದಿರಬೇಕು. ಎಲ್ಲರೂ ಎಲ್ಲರಿಗೂ ಗುರಿಯಿಡಬಲ್ಲ ಗುಂಡಿನ ಕಾಳಗದಲ್ಲಿ ಬಲ ಸಂಖ್ಯೆಯ ವರ್ಗದಂತೆ ಏರುತ್ತದೆ. ಒಬ್ಬನಿಗೊಬ್ಬ ಎದುರಾಗುವ ಕಾಳಗದಲ್ಲಿ ಸಂಖ್ಯೆಯಂತೆಯೇ. ಎರಡು ಪಟ್ಟು ಹೊಡೆಯುವ, ಎರಡು ಪಟ್ಟು ತಾಳುವ ಯೋಧನ ಬೆಲೆ ಎಷ್ಟು? ಬಯಲಿನ ಗುಂಡಿನಲ್ಲಿ ಅವನು ಸುಮಾರು ಇಬ್ಬರಿಗೆ ಸಮ. ಒಬ್ಬೊಬ್ಬರೇ ನುಗ್ಗಬೇಕಾದ ಇಕ್ಕಟ್ಟಿನಲ್ಲಿ ನಾಲ್ವರಿಗೆ ಸಮ. ಟೇಬಲ್ ಮೇಲೆ ಎಷ್ಟು ಮರೆ, ಎಷ್ಟು ಬಯಲು ಎಂದು ಹೇಳದ ಪಾಯಿಂಟ್ ಪಟ್ಟಿಗೆ ಅರ್ಥವಿಲ್ಲ. ಹಾಗಾಗಿ ಭೂಭಾಗದ ತುಂಡು ಎಷ್ಟಿರಬೇಕು ಎನ್ನುವುದನ್ನೂ ನಿಯಮದಲ್ಲೇ ಬರೆಯಿರಿ.

ಆ ತುಂಡುಗಳ ಬಗ್ಗೆ ಎರಡು ಮಾತು. ಗುಡ್ಡಕ್ಕೆ ಇಳಿಜಾರು ನೋಡಲು ಚೆಂದ, ಲೋಹದ ಗೊಂಬೆ ಮಾತ್ರ ಜಾರುತ್ತದೆ. 25 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆಯಿಂದ ಮೆಟ್ಟಿಲಿನಂತೆ ಕತ್ತರಿಸಿ, ಪ್ರತಿ ಮೆಟ್ಟಿಲು ಕನಿಷ್ಠ 60 ಮಿ.ಮೀ. ಅಗಲವಿದ್ದರೆ 40 ಮಿ.ಮೀ. ಬೇಸ್ ಭದ್ರವಾಗಿ ಕೂರುತ್ತದೆ. ಬರಿ ಫೋಮ್ ಮೇಲೆ ಸ್ಪ್ರೇ ಬಣ್ಣ ಹೊಡೆಯಬೇಡಿ, ಅದರ ದ್ರಾವಕ ಫೋಮನ್ನು ಕರಗಿಸುತ್ತದೆ. ಪಿವಿಎ ಎಂಬ ಬಿಳಿ ಮರದ ಅಂಟಿಗೆ ಅಕ್ರಿಲಿಕ್ ಬಣ್ಣ ಬೆರೆಸಿ ಮೊದಲು ಬ್ರಷ್‌ನಲ್ಲಿ ಪೂರ್ತಿ ಮುಚ್ಚಿ. ಕಾಡಿನ ತಳಕ್ಕೆ ಮರದ ನಾರು ಒತ್ತಿ ಮಾಡಿದ 3 ಮಿ.ಮೀ. ಎಂಡಿಎಫ್ ಹಲಗೆ ಸಾಕು, ಆದರೆ ಒಂದೇ ಬದಿಗೆ ನೀರಾದ ಅಂಟು ಬಳಿದರೆ ಡೊಂಕಾಗುತ್ತದೆ. ಎರಡೂ ಬದಿ ಬಳಿದು, ಒಣಗುವವರೆಗೆ ಮೇಲೆ ತೂಕ ಇಡಿ. ಮರಗಳನ್ನು ಅಂಟಿಸಬೇಡಿ, ತುಕಡಿ ಒಳಗೆ ಬಂದಾಗ ಎತ್ತಿಡುವಂತಿರಲಿ, ಹಲಗೆಯ ಅಂಚೇ ಕಾಡಿನ ಗಡಿ.

ಪರೀಕ್ಷೆಗೆ ಬಣ್ಣ ಹಚ್ಚಿದ ಗೊಂಬೆ ಬೇಡ. ಬೇಸ್ ಅಳತೆಗೆ ಕತ್ತರಿಸಿದ ರಟ್ಟಿನ ಮೇಲೆ ತುಕಡಿಯ ಹೆಸರು ಬರೆದರೆ ಆಯಿತು, ಯಾಕೆಂದರೆ ಈ ಹಂತದಲ್ಲಿ ಅರ್ಧ ತುಕಡಿಗಳು ಬದಲಾಗುತ್ತವೆ. ಮೊದಲು ಬರೀ ಗುಂಡಿನ ನಿಯಮವನ್ನು ಟೇಬಲ್ಲಿಲ್ಲದೆ ಇಪ್ಪತ್ತು ಸಲ ಎಸೆದು ಬರೆದಿಡಿ. ಆರು ದಾಳ ಎಸೆದು 6 ಬೇಕು ಎನ್ನುವ ನಿಯಮದಲ್ಲಿ ಮೂರಕ್ಕೆ ಒಂದು ಸಲ ಏನೂ ಆಗುವುದಿಲ್ಲ ಎನ್ನುವುದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಆಮೇಲೆ ಎರಡೂ ಕಡೆ ಮೂರು ತುಕಡಿಯ ಸಣ್ಣ ಆಟ. ಒಂದು ಆಟಕ್ಕೂ ಮುಂದಿನದಕ್ಕೂ ನಡುವೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು.

ಕೊನೆಯ ಪರೀಕ್ಷೆಯಲ್ಲಿ ನಿಯಮದ ಹಾಳೆಗಳನ್ನು ಬೇರೆ ಇಬ್ಬರಿಗೆ ಕೊಟ್ಟು, ನೀವು ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ಅವರು ಹಾಳೆ ತಿರುವಿದ ಪ್ರತಿ ಸಲ ಯಾವುದಕ್ಕಾಗಿ ಎಂದು ಗುರುತು ಹಾಕಿಕೊಳ್ಳಿ. ವಾದ ಹುಟ್ಟುವುದು ಹೆಚ್ಚಾಗಿ ಸಣ್ಣ ಪದಗಳಲ್ಲಿ: '6 ಇಂಚಿನೊಳಗೆ' ಎಂದರೆ ತುಕಡಿಯ ಒಂದು ಮೂಲೆ ಸಾಕೇ, ಪೂರ್ತಿ ಒಳಗಿರಬೇಕೇ? 'ಹಿಂದೆ ಸರಿಯಬಹುದು' ಎನ್ನುವುದು ಆಟಗಾರನ ಆಯ್ಕೆಯೋ, ನಿಯಮದ ಒತ್ತಾಯವೋ? ಹಿಂದೆಯೂ ಶತ್ರು ಇದ್ದು ಸರಿಯಲು ಜಾಗವೇ ಇಲ್ಲದಿದ್ದರೆ? 'ಬೇಸ್‌ನ ಯಾವುದೇ ಭಾಗ', 'ಇಡೀ ಬೇಸ್', 'ಸರಿಯಲೇಬೇಕು', 'ಜಾಗವಿಲ್ಲದಿದ್ದರೆ ತುಕಡಿಯನ್ನು ತೆಗೆಯಿರಿ' ಎಂದು ಬಿಡಿಸಿ ಬರೆದು, ಅದೇ ಮಾತನ್ನು ಎಲ್ಲ ಪುಟದಲ್ಲೂ ಬಳಸಿ.